ಸ್ಕ್ವಯರ್ ಕ್ಲಾಸಿಕ್ ವೈಬ್ 60ಸ್ ಸ್ಟ್ರಾಟ್: ಮುಂಬೈ ಮಳೆಗಾಲಕ್ಕೆ ಒಗ್ಗುವ ಸನ್‌ಬರ್ಸ್ಟ್

ಧೋಬಿ ತಲಾವ್ ಕಡೆಯ ವಾದ್ಯದಂಗಡಿಗಳಿಗೆ ಕಾಲಿಟ್ಟರೆ ಮೊದಲು ಕಣ್ಣಿಗೆ ಬೀಳುವುದು ಸನ್‌ಬರ್ಸ್ಟ್ ಗಿಟಾರ್. ನಡುವೆ ಮಾಗಿದ ಮಾವಿನ ಹಳದಿ, ಸುತ್ತ ಕೆಂಪು, ಅಂಚಿಗೆ ಕಪ್ಪು. ಸ್ಕ್ವಯರ್ ಎಂದರೆ ಫೆಂಡರ್ ಕಂಪನಿಯದೇ ಅಗ್ಗದ ಬ್ರ್ಯಾಂಡ್; ಅದರ ಈ ಮಾಡೆಲ್ಲಿನ ಮೂರು ಬಣ್ಣದ ಬರ್ಸ್ಟ್ ಹಳೇ ಫೆಂಡರ್ ಜಾಡಿನದು. 1954ರಲ್ಲಿ ಸ್ಟ್ರಾಟ್, ಅಂದರೆ ಫೆಂಡರ್‌ನ ಸ್ಟ್ರಾಟೋಕಾಸ್ಟರ್ ಎಲೆಕ್ಟ್ರಿಕ್ ಗಿಟಾರ್, ಬಂದಾಗ ಇದ್ದದ್ದು ಎರಡೇ ಬಣ್ಣ, 1958ರಲ್ಲಿ ಕೆಂಪು ಸೇರಿತು. ಆಗಿನ ಕೆಂಪು ಬೆಳಕಿಗೆ ಬೇಗ ಮಾಸುತ್ತಿತ್ತು; ಆ ಕಾಲದ ಎಷ್ಟೋ ಗಿಟಾರ್‌ಗಳು ಈಗ ಮತ್ತೆ ಎರಡು ಬಣ್ಣದವಾಗಿ ಕೂತಿವೆ.

ಕೊಳ್ಳುವಾಗ ಅಂಗಡಿಯ ದೀಪ ನಂಬಬೇಡಿ, ಬಾಗಿಲ ಬಳಿಯ ಹಗಲು ಬೆಳಕಿಗೆ ತನ್ನಿ. ಕೆಂಪು ಪಟ್ಟಿ ಹಳದಿಯೊಳಗೆ ಮೆಲ್ಲಗೆ ಕರಗಬೇಕು. ಗೆರೆ ಎಳೆದಂತಿದ್ದರೆ ಸ್ಪ್ರೇ ಗನ್ ತೀರಾ ಹತ್ತಿರ ಹಿಡಿದಿದ್ದಾರೆ ಎಂದರ್ಥ. ಕುತ್ತಿಗೆಯ ಎರಡು ಬದಿಗೆ ಚಾಚಿದ ಕೊಂಬುಗಳ ತುದಿ, ಹಿಂದೆ ಹೊಟ್ಟೆಗೆ ಒರಗುವ ಇಳಿಜಾರು, ಇವೆರಡನ್ನು ಬಿಡದೆ ನೋಡಿ; ಬಣ್ಣ ಹೆಚ್ಚುಕಮ್ಮಿಯಾಗುವುದು ಅಲ್ಲೇ. ಹಳದಿ ಭಾಗದಲ್ಲಿ ಮರದ ಎಳೆ ಒಮ್ಮೆಲೇ ದಿಕ್ಕು ಬದಲಿಸಿದರೆ ಅದು ಬಿರುಕಲ್ಲ, ತುಂಡುಗಳನ್ನು ಅಂಟಿಸಿದ ಜಾಗ. ಅಂಚಿನ ಕಪ್ಪು ಮಾಡುವ ಒಂದು ಉಪಕಾರ ಇಂಥ ಬೆಸುಗೆ ಮುಚ್ಚುವುದು.

ಮೇಲಿನ ಲೇಪ ಹೊಳಪಿನ ಪಾಲಿಯುರೆಥೇನ್ (ಪಾಲಿ), ಪ್ಲಾಸ್ಟಿಕ್ಕಿನಂಥ ಗಟ್ಟಿ ಲೇಪ. ಹಳೇ ಕಾಲದ ನೈಟ್ರೋಸೆಲ್ಯುಲೋಸ್ ಲೇಪದ, ಅಂದರೆ ನೈಟ್ರೋ ಲ್ಯಾಕರ್‌ನ, ಮೋಹಿಗಳು ಮೂಗು ಮುರಿಯಬಹುದು, ಮುಂಬೈಗೆ ಮಾತ್ರ ಇದೇ ಸರಿ. ನೈಟ್ರೋ ರಬ್ಬರ್ ಸ್ಟ್ಯಾಂಡ್ ತಾಗಿದರೂ ಕಲೆಯಾಗುತ್ತದೆ. ಅದನ್ನು ಮಳೆಗಾಲದಲ್ಲಿ ಹೊಡೆದರೆ ಥಿನ್ನರ್ ಆರುವಾಗ ಮೇಲ್ಮೈ ತಣ್ಣಗಾಗಿ, ಗಾಳಿಯ ತೇವ ಒಳಗೆ ಸಿಕ್ಕಿ ಬೂದು ಬಳಿದಂತೆ ಬಿಳಿಚುತ್ತದೆ. ಹಳೇ ಗಿಟಾರಿಗೆ ನೈಟ್ರೋ ಬರ್ಸ್ಟ್ ಹೊಡೆಸುವವರು ನವೆಂಬರ್ ತನಕ ಕಾಯುವುದು ಲೇಸು.

ಪಾಲಿಯ ದೋಷ ಬೇರೆ. ಪೆಟ್ಟು ಬಿದ್ದರೆ ಗಾಜಿನ ಬಳೆಯಂತೆ ಚಕ್ಕೆ ಏಳುತ್ತದೆ, ಹೊಸ ಲೇಪ ಹಳೆಯದರಲ್ಲಿ ಕರಗಿ ಬೆರೆಯುವುದಿಲ್ಲ. ಚಕ್ಕೆ ಕಪ್ಪು ಅಂಚಿನಲ್ಲಿದ್ದರೆ ಮೊದಲು ಕಪ್ಪು ಬಣ್ಣ ಮುಟ್ಟಿಸಿ ಆರಿಸಿ. ಫೆವಿಕ್ವಿಕ್ ಹನಿಹನಿಯಾಗಿ, ಪ್ರತಿ ಪದರ ಗಟ್ಟಿಯಾದ ಮೇಲೆ, ಸುತ್ತಲಿಗಿಂತ ಕೂದಲೆಳೆ ಎತ್ತರಕ್ಕೆ ತುಂಬಿ. ಒಂದು ದಿನ ಬಿಟ್ಟು ಸುತ್ತ ಟೇಪ್ ಅಂಟಿಸಿ, 800, 1500, 2000 ನಂಬರಿನ ವಾಟರ್ ಪೇಪರ್ ನೀರು ಹಾಕಿ ಉಜ್ಜಿ, ಕೊನೆಗೆ ರಬ್ಬಿಂಗ್ ಕಾಂಪೌಂಡ್. ಅಂಚಿನ ತಿರುವಿನಲ್ಲಿ ಕೈ ಹಗುರವಿರಲಿ. ಅಲ್ಲಿ ಲೇಪ ತೆಳು, ಬಣ್ಣ ಸವೆದು ಮರ ಕಂಡರೆ ಆ ಅಂಚಿಗೆಲ್ಲ ಮತ್ತೆ ಹೊಡೆಸಬೇಕು.

ಕೆಂಪು ಬೇಡ ಅನ್ನುವವರಿಗೆ ಇದೇ ಸಾಲಿನ 50ಸ್ ಮಾಡೆಲ್‌ನಲ್ಲಿ ಎರಡು ಬಣ್ಣದ್ದಿದೆ. ಯಾವುದನ್ನೇ ತಂದರೂ, ಸಂಜೆ ಸೊಳ್ಳೆಗೆಂದು ಡೀಟ್ ಇರುವ ಕ್ರೀಮು ಹಚ್ಚಿದ ಕೈಯನ್ನು ತೊಳೆದೇ ಗಿಟಾರ್ ಮುಟ್ಟಿ. ಅದು ವಾರ್ನಿಶ್ಶನ್ನೂ ತಂತಿಗಳ ಕೆಳಗಿನ ಪಿಕ್‌ಗಾರ್ಡ್ ತಗಡಿನ ಪ್ಲಾಸ್ಟಿಕ್ಕನ್ನೂ ಮೆತ್ತಗಾಗಿಸಬಲ್ಲದು.