ಪಾಕ್ ಥಲೇಯೋ, ಮನ್ನಾರೋ?

ಭಾನುವಾರ ಬೆಳಿಗ್ಗೆ ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಸೇರುವ ಏಳು ಜನ ನಾವು. ಕಡಲ ಹಕ್ಕಿ ನೋಡಲು ಒಂದು ಚಳಿಗಾಲ ಥಾಯ್ಲೆಂಡಿನ ಪಾಕ್ ಥಲೇಗೆ, ಇನ್ನೊಂದು ಚಳಿಗಾಲ ಶ್ರೀಲಂಕಾದ ಮನ್ನಾರ್‌ಗೆ ಹೋಗಿಬಂದೆವು. ಎರಡರಲ್ಲಿ ಯಾವುದು ವಾಸಿ ಅಂತ ಕೇಳುವವರಿಗೆ ನಾನು ಹೇಳುವುದು ಇಷ್ಟೇ: ಹಕ್ಕಿ ಲೆಕ್ಕ ಆಮೇಲೆ, ಜೊತೆಗೆ ಯಾರು ಬರುತ್ತಾರೆ ಅದನ್ನು ಮೊದಲು ನೋಡಿ.

ಪಾಕ್ ಥಲೇ ಅಂದರೆ ಉಪ್ಪಿನ ಆಗರ. ಗೋಕರ್ಣದ ಹತ್ತಿರ ಸಾಣಿಕಟ್ಟೆ ನೋಡಿದವರಿಗೆ ಅಂದಾಜು ಸಿಗುತ್ತದೆ. ಅಲ್ಲಿಗೆ ಹೋಗುವವರೆಲ್ಲ ಹುಡುಕುವುದು ಒಂದೇ ಹಕ್ಕಿ, ಚಮಚ ಕೊಕ್ಕಿನ ಸ್ಯಾಂಡ್‌ಪೈಪರ್. ಗುಬ್ಬಚ್ಚಿ ಗಾತ್ರ. ರಷ್ಯಾದ ಈಶಾನ್ಯ ತುದಿಯಲ್ಲಿ ಮರಿ ಮಾಡಿ ಚಳಿಗೆ ಇತ್ತ ಬರುತ್ತದೆ. ಇಡೀ ಜಗತ್ತಿನಲ್ಲಿ ಉಳಿದಿರುವುದು ಕೆಲವೇ ನೂರು.

ಮೊದಲ ದಿನ ನಾವೇ ಎಡವಟ್ಟು ಮಾಡಿಕೊಂಡೆವು. ವಿಮಾನದ ಹೊತ್ತು ನೋಡಿದ್ದೆವು, ಸಮುದ್ರದ ಹೊತ್ತು ನೋಡಿರಲಿಲ್ಲ. ಇಳಿತದಲ್ಲಿ ಹಕ್ಕಿಗಳೆಲ್ಲ ದೂರದ ಕೆಸರಿನಲ್ಲಿ ಮೇಯುತ್ತವೆ. ಉಬ್ಬರ ಬಂದು ಕೆಸರು ಮುಳುಗಿದ ಮೇಲೇ ಆಗರಕ್ಕೆ ಬಂದು ಕೂರುವುದು. ಮಾರನೇ ದಿನ ಸಿಕ್ಕಿತು. ಆದರೆ ಪಕ್ಕದಿಂದ ನೋಡಿದರೆ ಚಮಚವೇ ಕಾಣುವುದಿಲ್ಲ, ಸುತ್ತ ಇರುವ ಸಣ್ಣ ಗೊರವಗಳ ಹಾಗೇ ಇರುತ್ತದೆ. ನಮ್ಮ ಕಡೆ ಮುಖ ತಿರುಗಿಸಬೇಕು. ತಿರುಗಿಸಿತು. ನನ್ನ ಕೈ ನಡುಗುತ್ತಿತ್ತು.

ಇದ್ದದ್ದು ಒಂದೇ ಸ್ಕೋಪ್, ಅಂದರೆ ಹಕ್ಕಿ ನೋಡುವ ದೂರದರ್ಶಕ, ಸರದಿಯಲ್ಲಿ ಏಳು ಜನ. ಐದನೆಯವರಾಗಿ ಬಗ್ಗಿದ ನಮ್ಮ ಮೇಷ್ಟ್ರು ತಲೆ ಎತ್ತಿ, "ಅಲ್ರೀ, ಇದಕ್ಕೆ ಬ್ಯಾಂಕಾಕ್‌ವರೆಗೂ ಬರಬೇಕಿತ್ತಾ? ಇಂಥವು ಲಿಂಗಾಂಬುಧಿ ಕೆರೇಲೇ ಇರಲ್ವಾ?" ಅಂದರು. ಕ್ಯಾಮೆರಾದವರಿಗೂ ಬೇಜಾರು. ಬಿಸಿಲು ಏರುತ್ತಿದ್ದಂತೆ ಆಗರದ ಮೇಲಿನ ಗಾಳಿಯೇ ಕುದಿಯುವ ಹಾಗೆ ಅಲುಗಾಡುತ್ತದೆ, ಫೋಟೊ ಎಲ್ಲ ಮಸುಕು.

ಮನ್ನಾರ್‌ನಲ್ಲಿ ಈ ಗೋಳಿಲ್ಲ. 2010ರಲ್ಲಿ ಜಗತ್ತಿನ ಮುಖ್ಯ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿ ಸೇರಿದ ವಂಕಾಲೈ ಪಕ್ಷಿಧಾಮದ ಹತ್ತಿರ ವ್ಯಾನ್ ನಿಲ್ಲಿಸಿದರೆ ಸಾಕು, ರಾಜಹಂಸದ ಸಾಲು ಬರಿಗಣ್ಣಿಗೇ ಕಾಣುತ್ತದೆ. ಸೂಜಿಬಾಲದ ಬಾತುಗಳಂತೂ ಎಣಿಸಲಾರದಷ್ಟು. ಕಪ್ಪು ಬಿಳುಪಿನ ಕ್ರ್ಯಾಬ್ ಪ್ಲೋವರ್ ದಪ್ಪ ಕೊಕ್ಕಿನಲ್ಲಿ ಏಡಿ ಹಿಡಿಯುವುದನ್ನು ಮೇಷ್ಟ್ರು ಅರ್ಧ ಗಂಟೆ ನೋಡಿದರು, ಮಾತೇ ಇಲ್ಲ. ಹಕ್ಕಿ ಗೀಳಿಲ್ಲದ ಅವರ ಮನೆಯವರಿಗೆ ಊರಿನ ಕತ್ತೆಗಳು, ಹಳೇ ಬಾವೊಬಾಬ್ ಮರ. ನಮ್ಮ ಹರುಕು ಮುರುಕು ತಮಿಳೂ ನಡೆಯಿತು. ಮಳೆ ಮಾತ್ರ ಕಾಟ ಕೊಟ್ಟಿತು. ಈಶಾನ್ಯ ಮಾರುತದ ಮಳೆ ಅಲ್ಲಿ ಡಿಸೆಂಬರ್ ದಾಟಿಯೂ ಸುರಿಯುತ್ತದೆ. ಜನವರಿ ಮೊದಲ ವಾರ ಹೋಗಿ ಎರಡು ದಿನ ಕೋಣೆಯಲ್ಲೇ ಕೂತೆವು. ಫೆಬ್ರವರಿ ವಾಸಿ.

ದಾರಿ ಲೆಕ್ಕ ತಲೆಕೆಳಗು. ಕೊಲಂಬೊ ವಿಮಾನ ಹತ್ತಿರ, ಆದರೆ ಅಲ್ಲಿಂದ ಮನ್ನಾರ್‌ಗೆ ಹೆಚ್ಚುಕಡಿಮೆ ಒಂದು ಹಗಲು ರಸ್ತೆ. ಬ್ಯಾಂಕಾಕ್‌ಗೆ ನಾಲ್ಕು ಗಂಟೆ ಹಾರಾಟ, ಆಮೇಲೆ ಎರಡು ಗಂಟೆ ವ್ಯಾನ್ ಅಷ್ಟೇ.

ಊಟಕ್ಕೆ ಸಸ್ಯಾಹಾರಿಗಳು ಥಾಯ್ಲೆಂಡಿನಲ್ಲಿ "ಜೇ", ಅಂದರೆ ಶುದ್ಧ ಸಸ್ಯಾಹಾರ, ಅನ್ನುವ ಮಾತು ಕಲಿಯಬೇಕು. ಮೀನಿನ ಸಾರ ತಪ್ಪುತ್ತದೆ, ಜೊತೆಗೆ ಬೆಳ್ಳುಳ್ಳಿಯೂ ಹೋಗುತ್ತದೆ. ಮನ್ನಾರ್‌ನ ಒತ್ತು ಶಾವಿಗೆ ನಮ್ಮದೇ, ಆದರೆ ತೆಂಗಿನಕಾಯಿ ಸಂಬೋಲ್ ಅನ್ನುವ ಚಟ್ನಿಗೆ ಒಣಮೀನು ಹಾಕಿರುತ್ತಾರೆ, ವಿಚಾರಿಸಿಯೇ ಬಡಿಸಿಕೊಳ್ಳಿ.

ಬರುವ ಚಳಿಗಾಲಕ್ಕೆ ನಾವು ಮೂವರು ಎರಡು ಸ್ಕೋಪ್ ಹಿಡಿದು ಪಾಕ್ ಥಲೇಗೆ. ಉಳಿದವರನ್ನು ಮೇಷ್ಟ್ರು ಮತ್ತೆ ಮನ್ನಾರ್‌ಗೆ ಹೊರಡಿಸಿದ್ದಾರೆ.