ಸಿಪ್ಯಾಪ್ ಯಂತ್ರ: ನಾಲ್ಕು ವರ್ಷ ಹಾಕಿಕೊಂಡು ಮಲಗಿದ ಮೇಲೆ

ಒಂದು ಬೆಳಗ್ಗೆ ಹಲ್ಲುಜ್ಜುವಾಗ ಬಲಗೈಯಿಂದ ಬ್ರಷ್ ಜಾರಿ ಬಿತ್ತು. ಮಾತು ತೊದಲಿತು. ಇಪ್ಪತ್ತು ನಿಮಿಷದಲ್ಲಿ ಎಲ್ಲ ಸರಿಹೋಯಿತು, ಆದರೂ ತಕ್ಷಣ ಆಸ್ಪತ್ರೆಗೆ ಹೋದೆವು. ಮಿನಿ ಸ್ಟ್ರೋಕ್, ಅಂದರೆ ಮೆದುಳಿಗೆ ರಕ್ತ ಹರಿಯುವುದು ಸ್ವಲ್ಪ ಹೊತ್ತು ತಡೆದಿತ್ತು ಎಂದರು. ಕಾರಣ ಹುಡುಕುತ್ತಾ ನಿದ್ದೆಯ ಪರೀಕ್ಷೆಯನ್ನೂ ಮಾಡಿಸಿದರು. ಗಂಟೆಗೆ 38 ಸಲ ನನ್ನ ಉಸಿರು ನಿಲ್ಲುತ್ತಿತ್ತು ಇಲ್ಲವೇ ತೀರಾ ಕಮ್ಮಿಯಾಗುತ್ತಿತ್ತು. 30 ದಾಟಿದರೆ ತೀವ್ರ ಸ್ಲೀಪ್ ಅಪ್ನಿಯಾ, ಅಂದರೆ ನಿದ್ದೆಯಲ್ಲಿ ಉಸಿರು ಪದೇ ಪದೇ ನಿಲ್ಲುವ ಕಾಯಿಲೆ. ಅದಕ್ಕೇ ಈ ಸಿಪ್ಯಾಪ್ ಯಂತ್ರ ಕೊಟ್ಟದ್ದು. "ನಿಮ್ಮ ಉಸಿರು ನಿಂತುಬಿಡುತ್ತೆ, ಮತ್ತೆ ಬರೋ ತನಕ ನಾನು ಕಾಯ್ತಾ ಮಲಗಿರ್ತೀನಿ" ಎಂದು ಹೆಂಡತಿ ಎಷ್ಟೋ ದಿನದಿಂದ ಹೇಳುತ್ತಿದ್ದಳು. ನಾನು ಕಿವಿಗೆ ಹಾಕಿಕೊಂಡಿರಲಿಲ್ಲ.

ನಿದ್ದೆಯಲ್ಲಿ ಉಸಿರು ನಿಲ್ಲುವುದಕ್ಕೂ ಸ್ಟ್ರೋಕಿಗೂ ಏನು ಸಂಬಂಧ ಎಂದು ಆಗ ಕೇಳಿದ್ದೆ. ಉಸಿರು ನಿಂತಾಗಲೆಲ್ಲ ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ. ಮೆದುಳು ಬೆಚ್ಚಿ ಎಚ್ಚರಿಸುತ್ತದೆ, ಬಿಪಿ ಜಿಗಿಯುತ್ತದೆ. ರಾತ್ರಿ ಇಳಿಯಬೇಕಾದ ಬಿಪಿ ಇಳಿಯುವುದೇ ಇಲ್ಲ. ಹೃದಯದ ಬಡಿತ ತಾಳ ತಪ್ಪುವ ಸಾಧ್ಯತೆಯೂ ಜಾಸ್ತಿ, ಅದರಿಂದ ರಕ್ತ ಹೆಪ್ಪುಗಟ್ಟಬಹುದು. 2005ರ ಒಂದು ಅಮೆರಿಕನ್ ಅಧ್ಯಯನದಲ್ಲಿ ವಯಸ್ಸು, ಬಿಪಿ, ಸಕ್ಕರೆ ಕಾಯಿಲೆ ಎಲ್ಲವನ್ನೂ ಲೆಕ್ಕಕ್ಕೆ ಹಿಡಿದ ಮೇಲೂ ಅಪ್ನಿಯಾ ಇದ್ದವರಿಗೆ ಸ್ಟ್ರೋಕ್ ಅಥವಾ ಸಾವಿನ ಅಪಾಯ ಸುಮಾರು ಎರಡು ಪಟ್ಟು ಇತ್ತು.

ಇನ್ನು ಯಂತ್ರದ ವಿಷಯ. ಇದು ಆಕ್ಸಿಜನ್ ಕೊಡುವುದಿಲ್ಲ, ತುಂಬಾ ಜನ ಹಾಗೆ ತಿಳಿದಿದ್ದಾರೆ. ಕೋಣೆಯ ಗಾಳಿಯನ್ನೇ ಮಾಸ್ಕಿನ ಮೂಲಕ ಒತ್ತಡದಲ್ಲಿ ಕಳಿಸಿ ಗಂಟಲು ಮುಚ್ಚಿಕೊಳ್ಳದಂತೆ ತಡೆಯುತ್ತದೆ, ಅಷ್ಟೇ. ನನ್ನದು ಆಟೋ ಮಾದರಿ, ಒತ್ತಡವನ್ನು ತಾನೇ ಹೊಂದಿಸಿಕೊಳ್ಳುತ್ತದೆ. ಸದ್ದು ಫ್ಯಾನಿಗಿಂತ ಕಮ್ಮಿ.

ಕಷ್ಟ ಕೊಟ್ಟದ್ದು ಮಾಸ್ಕ್. ಮೊದಲು ಮೂಗು, ಬಾಯಿ ಎರಡನ್ನೂ ಮುಚ್ಚುವಂಥದ್ದು ಕೊಟ್ಟಿದ್ದರು. ಗಾಳಿ ಸೋರಿ ಕಣ್ಣಿಗೆ ಹೊಡೆಯುತ್ತಿತ್ತು, ಪಟ್ಟಿ ಬಿಗಿದಷ್ಟೂ ಸೋರಿಕೆ ಜಾಸ್ತಿ. ಮೂಗಿನ ಹೊಳ್ಳೆಗೆ ಕೂರುವ ಪುಟ್ಟ ಮಾಸ್ಕ್ ಬಂದ ಮೇಲೆ ಬದುಕು ಹಗುರವಾಯಿತು. ಬಾಯಿ ತೆರೆದು ಮಲಗುವವರಿಗೆ ಇದು ಆಗಿಬರುವುದು ಕಷ್ಟ. ಗಂಟಲು ಒಣಗಿದರೆ ಗಾಳಿಗೆ ತೇವ ಸೇರಿಸುವ ಹ್ಯೂಮಿಡಿಫೈಯರ್ ಹಾಕಿಕೊಳ್ಳಿ, ಅದಕ್ಕೆ ಡಿಸ್ಟಿಲ್ಡ್ ನೀರು ಬಳಸಿ.

ಮೊದಲ ಎಂಟು ತಿಂಗಳು ನಾನು ಮಾಡಿದ ತಪ್ಪನ್ನು ಹೇಳಲೇಬೇಕು. ರಾತ್ರಿ ಮೂರಕ್ಕೆ ಎಚ್ಚರವಾದಾಗ ಮಾಸ್ಕ್ ಕಿತ್ತಿಡುತ್ತಿದ್ದೆ. ಯಂತ್ರದ ಆ್ಯಪ್‌ನಲ್ಲಿ ಉಸಿರು ತಡೆಯುವುದು ಗಂಟೆಗೆ 2 ಸಲ ಅಂತ ತೋರಿಸುತ್ತಿತ್ತು, ಖುಷಿಯಾಗಿದ್ದೆ. ಆದರೆ ಆ ಲೆಕ್ಕ ಮಾಸ್ಕ್ ಹಾಕಿಕೊಂಡ ಹೊತ್ತಿನದು ಮಾತ್ರ ಅಲ್ವಾ? ಕನಸಿನ ನಿದ್ದೆ ಜಾಸ್ತಿ ಬರುವುದು ಬೆಳಗಿನ ಜಾವಕ್ಕೆ, ಅಪ್ನಿಯಾ ತುಂಬಾ ಜನರಲ್ಲಿ ಕೆಡುವುದೂ ಆಗಲೇ. 2016ರಲ್ಲಿ ಹೃದಯ ಕಾಯಿಲೆ ಅಥವಾ ಸ್ಟ್ರೋಕ್ ಆಗಿದ್ದ 2,700ಕ್ಕೂ ಹೆಚ್ಚು ಅಪ್ನಿಯಾ ರೋಗಿಗಳ ಮೇಲೆ ನಡೆದ ಸೇವ್ ಎಂಬ ವೈದ್ಯಕೀಯ ಪರೀಕ್ಷೆಯಲ್ಲಿ ಸಿಪ್ಯಾಪ್‌ನಿಂದ ಸ್ಟ್ರೋಕ್, ಹೃದಯಾಘಾತ ಕಮ್ಮಿಯಾದದ್ದು ಕಾಣಲಿಲ್ಲ. ಅವರು ಯಂತ್ರ ಬಳಸಿದ್ದು ರಾತ್ರಿಗೆ ಸರಾಸರಿ 3.3 ಗಂಟೆ. ನನ್ನದೂ ಆಗ ಹೆಚ್ಚುಕಮ್ಮಿ ಅಷ್ಟೇ ಇತ್ತು. ನಾಲ್ಕು ಗಂಟೆಗಿಂತ ಹೆಚ್ಚು ಬಳಸಿದವರಲ್ಲಿ ಸ್ಟ್ರೋಕ್ ಕಮ್ಮಿ ಇದ್ದ ಸೂಚನೆ ಅದೇ ಪರೀಕ್ಷೆಯಲ್ಲಿ ಸಿಕ್ಕಿತು. ಅದು ಪಕ್ಕಾ ಪುರಾವೆಯಲ್ಲ, ಆದರೂ ನನಗೆ ಅಷ್ಟು ಸಾಕಾಯಿತು.

ಈಗ ರಾತ್ರಿಗೆ ಆರೂವರೆ ಗಂಟೆ ಹಾಕುತ್ತೇನೆ. ಹಗಲಿನ ತೂಕಡಿಕೆ ಹೋಗಿದೆ, ಬೆಳಗಿನ ತಲೆನೋವು ಇಲ್ಲ, ಬಿಪಿ ಹತೋಟಿಯಲ್ಲಿದೆ. ಬಿಪಿ ಮಾತ್ರೆಯನ್ನೂ ರಕ್ತ ತೆಳುವಾಗಿಸುವ ಮಾತ್ರೆಯನ್ನೂ ಬಿಟ್ಟಿಲ್ಲ. ಯಂತ್ರ ಇದೆ ಅಂತ ಸುಮ್ನೆ ಮಾತ್ರೆ ನಿಲ್ಲಿಸಬೇಡಿ.

ಹೋದ ತಿಂಗಳು ಮಾಸ್ಕಿನ ಕುಶನ್ ಹರಿದು ಎರಡು ರಾತ್ರಿ ಹಾಗೇ ಮಲಗಬೇಕಾಯಿತು. ಎರಡನೇ ರಾತ್ರಿ ಹೆಂಡತಿ ಮತ್ತೆ ನನ್ನ ಉಸಿರು ಎಣಿಸುತ್ತಾ ಎದ್ದು ಕೂತಿದ್ದಳು. ಈಗ ಮನೆಯಲ್ಲಿ ಎರಡು ಕುಶನ್ ಹೆಚ್ಚಿಗೆ ಇಟ್ಟಿದ್ದೇವೆ.