ಹಳೆಯ ಸೆರಾಮಿಕ್ ಕುಂಡವೋ, ಅದೇ ವಿನ್ಯಾಸದ ಹೊಸದೋ?

ಬೆಲೆಯಲ್ಲಿ ಹೊಸದೇ ಸಾಮಾನ್ಯವಾಗಿ ಹಗುರ. 1950ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಶುರುವಾದ ಆರ್ಕಿಟೆಕ್ಚರಲ್ ಪಾಟರಿಯಂಥ ಕಂಪನಿಗಳ ಅಸಲಿ ಕುಂಡಗಳಿಗೆ ಸಂಗ್ರಾಹಕರ ಪೈಪೋಟಿಯಿದೆ.

ಬಾಳಿಕೆಯಲ್ಲಿ ಎಚ್ಚರ ಬೇಕಾದದ್ದು ಹಳೆಯದಕ್ಕೆ. ಖಾಲಿ ಕುಂಡವನ್ನು ಬೆರಳಗೆಣ್ಣಿನಿಂದ ತಟ್ಟಿ. ಮಂಕು ಸದ್ದು ಬಂದರೆ ಬಿರುಕಿರಬಹುದು. ಹೊಳಪಿನ ಲೇಪದಲ್ಲಿ ಕೂದಲೆಳೆಯ ಸೀಳುಗಳಿದ್ದರೆ ನೀರು ಒಳಗಿಳಿದು, ಹೊರಮೈಯಲ್ಲಿ ಬಿಳಿ ಉಪ್ಪು ಕಟ್ಟುತ್ತದೆ, ಕೆಳಗಿನ ಮರದ ಕಪಾಟಿಗೂ ಕಲೆಯಾಗುತ್ತದೆ. ಎಷ್ಟೋ ಹಳೆಯ ಕುಂಡಗಳಿಗೆ ತಳದಲ್ಲಿ ತೂತಿರುವುದಿಲ್ಲ. ದಯವಿಟ್ಟು ಕೊರೆಯಬೇಡಿ! ಬಾಯಿಗಿಂತ 2–3 ಸೆಂ.ಮೀ. ಕಿರಿದಾದ ಪ್ಲಾಸ್ಟಿಕ್ ಕುಂಡದಲ್ಲಿ ಗಿಡ ನೆಟ್ಟು ಒಳಗಿಡಿ. ಹೊರತೆಗೆದು ನೀರು ಹಾಕಿ, ಪೂರ್ತಿ ಬಸಿದ ಮೇಲೆ ಮರಳಿಸಿ.

ತಿನ್ನುವ ಸೊಪ್ಪಿಗೆ ಹೊಸದೇ ಇರಲಿ, ಹಳೆಯ ಲೇಪದಲ್ಲಿ ಸೀಸವಿರಬಹುದು. ಬಿಸಿಲು-ಮಳೆಯ ಬಾಲ್ಕನಿಗೆ, ಮಕ್ಕಳು ಓಡಾಡುವಲ್ಲಿಗೂ ಹೊಸದೇ ಸರಿ. ಕಪಾಟಿನ ಮೇಲೆ, ನೀರು ಕಡಿಮೆ ಬೇಡುವ ಸ್ಯಾನ್ಸೆವೇರಿಯಾಕ್ಕಾದರೆ (ಸ್ನೇಕ್ ಪ್ಲಾಂಟ್) ಹಳೆಯದನ್ನೇ ಕೊಳ್ಳಿ.